ಕುಂಬಳಕಾಯಿಯ ಪರಿಹಾರ

ಅರವತ್ತರ ದಶಕದ ಮೊದಲ ವರ್ಷಗಳು. ಯಶವಂತಪುರದ ರೈಲು ಹಳಿಯ ಪಕ್ಕದ ಶೆಡ್ಡಿನಲ್ಲಿ ನಾನು ತಗಡಿನ ಡಬ್ಬಿಗಳಿಗೆ ಮುಚ್ಚಳ ಒತ್ತುತ್ತಿದ್ದೆ. ಒಂದು ಮಧ್ಯಾಹ್ನ ಪ್ರೆಸ್ಸು ನನ್ನ ಬಲಗೈಯ ಎರಡು ಬೆರಳು ನುಂಗಿತು. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮಾಲೀಕರು ಪೂಜಾರಿಯನ್ನು ಕರೆಸಿ, ಯಂತ್ರಕ್ಕೆ ಕುಂಕುಮ ಹಚ್ಚಿಸಿ, ಬೂದುಗುಂಬಳ ಒಡೆಸಿ ಆಗಿತ್ತು. ನಾನು ಪರಿಹಾರದ ಮಾತೆತ್ತಿದೆ. "ಪರಿಹಾರ ಅವತ್ತೇ ಮಾಡಿಸಿದೀನಲ್ಲಮ್ಮ," ಎಂದರು, ಏನೂ ಅರಿಯದವರ ಹಾಗೆ. ಅಯ್ಯೋ ಶಿವನೇ! ದೋಷ ಯಂತ್ರದ್ದಂತೆ, ಶಾಂತಿಯೂ ಯಂತ್ರಕ್ಕಂತೆ, ಬೆರಳು ಮಾತ್ರ ನನ್ನದು. ನಮ್ಮವ್ವ, ಪಾಪ, ಪೂಜೆ ಆಯಿತೆಂದು ಕೇಳಿ ಸಮಾಧಾನವನ್ನೂ ಪಟ್ಟಿದ್ದಳು.

ಆಗ ಪರಿಹಾರದ ಕಾಯ್ದೆ ತಿದ್ದಬೇಕೆಂದು ಕಾರ್ಮಿಕ ಸಂಘದವರು ಸದ್ದು ಮಾಡುತ್ತಿದ್ದರು. ಜಾಲಹಳ್ಳಿ ಕಡೆಯ ದೊಡ್ಡ ಕಾರ್ಖಾನೆಗಳಲ್ಲಿ ಪೆಟ್ಟಾದರೆ ಕೇಳುವವರಿದ್ದರು. ನಮ್ಮಂಥ ನಾಲ್ಕಾಳಿನ ಶೆಡ್ಡು ಕಾಯ್ದೆಯ ಕಣ್ಣಿಗೇ ಬೀಳುತ್ತಿರಲಿಲ್ಲ. ಒಬ್ಬ ಶಾಸಕರು ಇದನ್ನು ವಿಧಾನಸಭೆಯಲ್ಲಿ ಎತ್ತುತ್ತೇನೆಂದು ಒಪ್ಪಿ, ಗಾಯಗೊಂಡವರ ಬಾಯಿಂದಲೇ ಕೇಳಲು ಸಂಘದ ಕಚೇರಿಗೆ ಬರುವವರಿದ್ದರು. ಸುದ್ದಿ ಮಾಲೀಕರಿಗೆ ಮುಟ್ಟಿತು. ಅಲ್ಲಿಗೆ ಹೋಗದಿದ್ದರೆ ಗುಡಿಸುವ ಕೆಲಸ ಕೊಡುತ್ತೇನೆ, ಹೋದರೆ ಇತ್ತ ತಲೆ ಹಾಕಬೇಡ ಎಂದು ಹೇಳಿ ಕಳಿಸಿದರು.

ನನ್ನ ದುಡಿಮೆ ಬಿಟ್ಟರೆ ಮನೆಗೆ ಬೇರೆ ಗತಿಯಿರಲಿಲ್ಲ. ಅವ್ವ ಕಣ್ಣೀರಿಟ್ಟಳು. "ಬಡವನ ಕೋಪ ದವಡೆಗೆ ಮೂಲ ಕಣೇ. ಇಂಗಾಡ್ಬೇಡ."

"ಬೆರಳೇ ಓಗೈತೆ. ದವಡೆನೂ ಓಗ್ಲಿ ಬಿಡವ್ವ," ಎಂದು ಸೆರಗು ಬಿಗಿದು ಹೊರಟೆ. ಭಯವಾಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಸಿಟ್ಟು ಭಯಕ್ಕಿಂತ ಒಂದು ಕೈ ಮೇಲಿತ್ತು.

ಶಾಸಕರು ಒಳ್ಳೆಯವರೇ, ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು. ಯಂತ್ರಕ್ಕೆ ಕೈ ಸಿಕ್ಕದಂತೆ ಅಡ್ಡಕಂಬಿ ಇರಲಿಲ್ಲವೇ ಎಂದರು. ಇತ್ತು, ಕೈ ತಡೆಯುತ್ತದೆ, ಕೆಲಸ ನಿಧಾನವಾಗುತ್ತದೆ ಎಂದು ಮಾಲೀಕರೇ ಬಿಚ್ಚಿಸಿದರು ಎಂದೆ. ಆಮೇಲೆ ಅವರು ಕನ್ನಡಕ ತೆಗೆದು, ದನಿ ತಗ್ಗಿಸಿ ನಿಜ ಹೇಳಿದರು. ಕಾಯ್ದೆ ತಿದ್ದಿದರೂ ಅದು ಮುಂದಿನವರಿಗೆ. ಆಗಿಹೋದ ಗಾಯಕ್ಕೆ ಅನ್ವಯಿಸುವುದಿಲ್ಲ. ನನಗೆ ಬಿಡಿಗಾಸೂ ದಕ್ಕುವುದಿಲ್ಲ. ಬೇಕಿದ್ದರೆ ನನ್ನ ಹೇಳಿಕೆ ಕೈಬಿಟ್ಟು ನಾನು ಬಂದೇ ಇಲ್ಲವೆನ್ನುತ್ತಾರಂತೆ, ನಾನು ಹೇಳಿದ ಆ ಗುಡಿಸುವ ಕೆಲಸವಾದರೂ ಉಳಿದೀತಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಬಾಗಿಲಲ್ಲೇ ಹೇಳಬಾರದಿತ್ತೇ? ಎದ್ದು ಹೋಗಿಬಿಡೋಣ ಅನಿಸಿತು, ಎದ್ದೂಬಿಟ್ಟೆ.

ಆದರೆ ಶೆಡ್ಡಿನಲ್ಲಿ ಆ ಪ್ರೆಸ್ಸಿನ ಮುಂದೆ ಆಗಲೇ ನನ್ನ ಜಾಗಕ್ಕೆ ಹೆಬ್ಬಾಳದ ಕಡೆಯಿಂದ ನಡೆದು ಬರುವ ಒಬ್ಬ ಹೆಂಗಸನ್ನು ಕೂರಿಸಿದ್ದರು. ಪರಿಹಾರ ಕೇಳಲು ಹೋದಾಗ ನಾನೇ ನೋಡಿದ್ದೆ, ಅಡ್ಡಕಂಬಿ ಇನ್ನೂ ಮೂಲೆಯಲ್ಲೇ ಬಿದ್ದಿತ್ತು. ನಿಂತಲ್ಲಿಂದಲೇ ಶಾಸಕರ ಕಡೆ ತಿರುಗಿದೆ.

"ಅಲ್ಲೀಗ ಕೂತಿರೋಳ್ಗೆ ಬೆರಳೆಲ್ಲಾ ಇನ್ನೂ ನೆಟ್ಟಗವೆ, ಸ್ವಾಮಿ. ಬರ್ಕೊಳ್ಳಿ."