ಕುರಿಮರಿಯಾಗದ ರೊಟ್ಟಿ

ನೈಲ್ ದಂಡೆಯ ನಮ್ಮೂರ ಚರ್ಚಿಗೆ ಪೂಜೆಯಲ್ಲಿ ಅರ್ಪಿಸುವ ಕುರ್ಬಾನ್ ರೊಟ್ಟಿ ಸುಡುತ್ತಿದ್ದವನು ಬಿಸೆಂತಿ. ಮೂವತ್ತೊಂದು ವರ್ಷ ಅದೊಂದೇ ಕೆಲಸ. ಬೆಳಗಿನ ಜಾವ ಬರೀ ಹೊಟ್ಟೆಯಲ್ಲಿ ಬಂದು, ಬಾಯಲ್ಲಿ ಕೀರ್ತನೆ ಹೇಳುತ್ತ ಉಪ್ಪಿಲ್ಲದ ಹಿಟ್ಟು ನಾದುತ್ತಿದ್ದ. ಮೇಲೆ ಶಿಲುಬೆಯ ಅಚ್ಚೊತ್ತಿ, ಸ್ವಾಮಿಯ ಗಾಯಗಳ ಗುರುತಿಗೆ ಐದು ತೂತು ಚುಚ್ಚುತ್ತಿದ್ದ. ಅವನ ರೊಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕೂ ಸಿಗುತ್ತಿರಲಿಲ್ಲ. ಆ ಜಂಬವೂ ಅವನಿಗೆ ಸಾಕಷ್ಟಿತ್ತು. ಇರಲಿ ಬಿಡಿ, ನಾನು ದರ್ಜಿ, ನನ್ನ ಹೊಲಿಗೆಯ ಬಗ್ಗೆ ನನಗೂ ಇದೆ.

ಪೂಜೆಯ ಮೊದಲಿಗೆ ಏಳು ರೊಟ್ಟಿಗಳ ಬುಟ್ಟಿ ಹಿಡಿದು ನಿಲ್ಲುವುದು ನನ್ನ ಸೇವೆ. ನಮ್ಮ ಪಾದ್ರಿ ಅಬೂನಾ ಹರ್ಮೀನಾ ಒಂದೊಂದನ್ನೂ ತಿರುಗಿಸಿ, ಸವರಿ, ಎಳ್ಳಷ್ಟೂ ಕುಂದಿಲ್ಲದ ಒಂದನ್ನು ಆರಿಸುತ್ತಾರೆ. ಆಮೇಲೆ ಅದನ್ನು ಯಾರೂ ರೊಟ್ಟಿ ಎನ್ನುವುದಿಲ್ಲ, ಕುರಿಮರಿ ಎನ್ನುತ್ತಾರೆ. ಯೇಸುಸ್ವಾಮಿಯದೇ ಹೆಸರು ಅದು. ಉಳಿದ ಆರನ್ನು ಕೊನೆಯಲ್ಲಿ ಜನರಿಗೆ ಹಂಚುತ್ತಾರೆ.

ಬಿಸೆಂತಿಗೆ ಒಬ್ಬನೇ ಮಗ, ಬಖೂಮ್. ಹುಟ್ಟಿನಿಂದಲೇ ಬಲಗೈಯ ಎರಡು ಬೆರಳು ಸೊಟ್ಟ. ಹದಿನಾರು ತುಂಬಿದಾಗ ಅಪ್ಪನ ಕೆಲಸ ಕಲಿಯುತ್ತೇನೆಂದು ಹಟ ಹಿಡಿದ. ಒಲೆಯಿಂದ ತೆಗೆದ ಅವನ ಮೊದಲ ರೊಟ್ಟಿ ನಡುವೆಯೇ ಬಿರಿದಿತ್ತು. ಅಬೂನಾ ಇದ್ದರು, ನಾನೂ ಇದ್ದೆ.

“ಇದು ಕುರಿಮರಿ ಅಲ್ಲ ಕಣಯ್ಯ, ಮುದಿ ಒಂಟೆ ಹಿಮ್ಮಡಿ!” ಅಂದೆ. ಅಬೂನಾ ಗಡ್ಡದೊಳಗೇ ನಕ್ಕರು. ಹುಡುಗನೂ ನಕ್ಕ.

“ಒಡೀತು, ಆದ್ರೆ ಚೆನ್ನಾಗಿ ಬೆಂದಿದೆ ಅಪ್ಪ. ಮೂಸಿ ನೋಡು,” ಎಂದು ಮುಂದೆ ಹಿಡಿದ.

ಬಿಸೆಂತಿ ಮುಖ ತಿರುಗಿಸಿದ. “ಈ ಕೈ ಇದಕ್ಕಾಗಲ್ಲ. ಹೋಗು.”

“ಒಳ್ಳೇದಕ್ಕೆ ಕುರಿಮರಿ ಅಂತೀರಿ. ಒಡೆದಿದ್ದಕ್ಕೆ ಏನಂತೀರಪ್ಪ?”

“ಏನೂ ಅನ್ನಲ್ಲ. ಪಕ್ಕಕ್ಕೆ ಎತ್ತಿಡ್ತೀವಿ.”

ಬಖೂಮ್ ನದಿಯಾಚೆಯ ಬಿಳಿಕಲ್ಲಿನ ಗಣಿಗೆ ಸೇರಿದ. ಸೊಟ್ಟ ಬೆರಳು ಕಲ್ಲಿಗೆ ಅಡ್ಡಿಯಾಗಲಿಲ್ಲ. ಎಂಟು ವರ್ಷ ದುಡಿದ. ಒಂದು ಮಧ್ಯಾಹ್ನ ಬಂಡೆ ಜಾರಿ ಅವನ ಮೇಲೆ ಬಿತ್ತು. ಮನೆಗೆ ತಂದಾಗ ಮುಖದ ತುಂಬ ಬಿಳಿ ಪುಡಿ. ತಾಯಿ ಇನಾಯತ್ ಒರೆಸಿದಷ್ಟೂ ಅದು ಹೋಗಲಿಲ್ಲ.

ಸತ್ತ ನಲವತ್ತನೆಯ ದಿನ ಅವನ ಹೆಸರಿನಲ್ಲಿ ಪೂಜೆ. ಅಂದು ಬಿಸೆಂತಿ ಒಂದು ರೊಟ್ಟಿಯನ್ನು ಮಗನ ಹೆಸರು ಹೇಳಿಕೊಂಡು ತಟ್ಟಿದ್ದ. ಈ ಒಂದು ಸಲ ಅವನ ರೊಟ್ಟಿ ಕುರಿಮರಿಯಾಗಲಿ, ಅವನನ್ನು ಅಟ್ಟಿದ ಪಾಪ ಅಷ್ಟಾದರೂ ಕಳೆಯಲಿ ಎಂಬ ಆಸೆ. ಒಲೆಯಲ್ಲಿ ಅದೇ ರೊಟ್ಟಿ ಬಿರಿಯಿತು. ಮೂವತ್ತೊಂದು ವರ್ಷದಲ್ಲಿ ಮಾಡದ್ದನ್ನು ಅಂದು ಮಾಡಿದ. ಹಿಟ್ಟು ಕಲಸಿ ಬಿರುಕಿಗೆ ಮೆತ್ತಿ, ಮತ್ತೆ ಬಿಸಿಗೆ ಹಿಡಿದ.

ಬುಟ್ಟಿ ಎತ್ತಿಕೊಂಡಾಗಲೇ ಆ ಮಾಸಲು ಗೆರೆ ನನ್ನ ಕಣ್ಣಿಗೆ ಬಿತ್ತು. ಬಿಸೆಂತಿ ನನ್ನ ಮುಖ ನೋಡಿದ. ನಾನು ಬಾಯಿ ಬಿಡಲಿಲ್ಲ. ಒಂಟೆ ಹಿಮ್ಮಡಿ ಅಂದ ನಾಲಿಗೆ ಅಂದು ಎಲ್ಲಿಂದ ಏಳಬೇಕು?

ಅಬೂನಾಗೆ ಈಗ ಕಣ್ಣು ಮಂಜು. ಸವರಿ ಸವರಿ ಕೊನೆಗೆ ಅದನ್ನೇ ಎತ್ತಿದರು. ಕಂಬಕ್ಕೊರಗಿದ್ದ ಬಿಸೆಂತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಆರಿಸಿದ ಮೇಲೆ ಕುರಿಮರಿಗೆ ಸ್ನಾನ. ಅಬೂನಾ ಬೆರಳು ನೀರಲ್ಲಿ ಅದ್ದಿ, ಎಳೆಮಗುವಿಗೆ ಮುಖ ತೊಳೆಸುವ ಹಾಗೆ ರೊಟ್ಟಿಯನ್ನು ಸವರಿದರು. ಮೆತ್ತಿದ ಹಿಟ್ಟು ನೆನೆದು ಅವರ ಬೆರಳಿಗೆ ಬಂತು. ಬೆರಳು ನೋಡಿಕೊಂಡರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅದನ್ನು ಬುಟ್ಟಿಗೆ ಹಾಕಿ ಬೇರೆಯದನ್ನು ಎತ್ತಿಕೊಂಡರು. ಜನಕ್ಕೆ ಏನೂ ತಿಳಿಯಲಿಲ್ಲ.

ಪೂಜೆ ಮುಗಿದ ಮೇಲೆ ಅಬೂನಾ ಆ ರೊಟ್ಟಿ ಹಿಡಿದು ಒಲೆಯ ಕೋಣೆಗೆ ಬಂದರು. ಹಿಂದೆ ನಾನೂ ಹೋದೆ. ಹೆಂಗಸರು ಒಳಗೆ ಬರುವಂತಿಲ್ಲವಾದ್ದರಿಂದ ಇನಾಯತ್ ಹೊಸ್ತಿಲಾಚೆ ನಿಂತಿದ್ದಳು.

“ನನ್ನ ಕೆಲಸದಿಂದ ತೆಗೆದುಬಿಡಿ ಅಬೂನಾ. ಮೋಸ ಮಾಡ್ದೆ. ಅದು ನನ್ನ ಮಗಂದು,” ಅಂದ ಒಲೆಯ ಮುಂದೆ ಕೂತಿದ್ದ ಬಿಸೆಂತಿ.

ಅಬೂನಾ ಅವನ ಪಕ್ಕದಲ್ಲೇ ಕೂತರು. “ಸ್ವಾಮಿಗೆ ಕುರಿಮರಿ ಅನ್ನೋದೊಂದೇ ಹೆಸರೇನೋ? ಕಟ್ಟೋರು ಬೇಡ ಅಂತ ಬಿಸಾಕಿದ ಕಲ್ಲು ಅಂತಾನೂ ಕರೀತಾರೆ. ದುಃಖ ಉಂಡವನು ಅಂತಾನೂ ಕರೀತಾರೆ. ಒಡೆದಿದ್ದೂ ಆತನ ಹೆಸರೇ ಕಣೋ.”

ಬಿಸೆಂತಿ ತಲೆಯೆತ್ತಿದ.

“ಒಡೆದಿದ್ದಕ್ಕೆ ಏನಂತೀರಿ ಅಂತ ಮಗ ಕೇಳಿದಾಗ ನೀವು ಇಲ್ಲೇ ಇದ್ರಲ್ಲ ಅಬೂನಾ. ಆಗ ಯಾಕೆ ಹೇಳ್ಲಿಲ್ಲ?”

ಅಬೂನಾ ಕೈಯಲ್ಲಿದ್ದ ರೊಟ್ಟಿಯನ್ನು ಅವನ ಮಡಿಲಲ್ಲಿಟ್ಟರು.

“ನಿಮ್ಮನ್ನ ಯಾಕೆ ಅನ್ಲಿ? ಆ ಕಲ್ಲಿನ ಕೀರ್ತನೆ ನಾದುವಾಗ ದಿನಾ ನಾನೇ ಹೇಳ್ತಿದ್ದೆ. ನನ್ನ ಕಿವಿಗೇ ಬೀಳ್ಲಿಲ್ಲ,” ಎಂದು ಎದೆ ಗುದ್ದಿಕೊಂಡು ಅತ್ತ.

“ಬಖೂಮನ ಅಪ್ಪಾ, ಅದನ್ನ ಇಲ್ಲಿ ಕೊಡಿ,” ಎಂದಳು ಇನಾಯತ್.

ಮೆಟ್ಟಿಲ ಮೇಲೆ ಕೂತು, ಬಿರುಕು ಇದ್ದಲ್ಲೇ ಹಿಡಿದು ನಾಲ್ಕು ತುಂಡು ಮಾಡಿದಳು. ಅಬೂನಾಗೆ ಒಂದು ಕೊಟ್ಟಳು. ನನಗೂ ಒಂದು ಕೊಟ್ಟಳು, ಮುಖ ನೋಡದೆ.

ಬಿಸೆಂತಿ ತನ್ನ ತುಂಡನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ.

“ಚೆನ್ನಾಗಿ ಬೆಂದಿದೆ ಕಣೋ ಮಗಾ,” ಅಂದ.