ಕರ್ತನ ಭೋಜನಕ್ಕೆ ನಡತೆ ಪತ್ರ

ಮನುಷ್ಯರೆಲ್ಲರೂ ಹುಟ್ಟಿನಿಂದಲೇ ಪಾಪಿಗಳು. ಕೋಲ್ಕತ್ತದ ಬಾಲಿಗಂಜಿನ ನಮ್ಮ ಫ್ಲ್ಯಾಟಿನಲ್ಲಿ ಸೇರುತ್ತಿದ್ದ ಕನ್ನಡ ಪ್ರಾರ್ಥನಾ ಕೂಟದಲ್ಲಿ ಈ ಗಂಭೀರ ಸತ್ಯದ ಬಗ್ಗೆ ಎಂದೂ ಭಿನ್ನಾಭಿಪ್ರಾಯ ಬರಲಿಲ್ಲ; ಆ 'ಎಲ್ಲರಲ್ಲಿ' ತಾವೂ ಸೇರಿದ್ದೇವೆಯೇ ಎಂಬಲ್ಲಿ ಮಾತ್ರ ಕೆಲವರಿಗೆ ಅನುಮಾನವಿತ್ತು.

ಸಾಲ್ಟ್ ಲೇಕಿನಲ್ಲಿ ಸಾಲುಸಾಲಾಗಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಂಥದ್ದೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದ ಹುಡುಗಿಯೊಬ್ಬಳು ಕೂಟಕ್ಕೆ ಬರತೊಡಗಿದಳು. ಚೆನ್ನಾಗಿ ಹಾಡುತ್ತಿದ್ದಳು. ಮದುವೆಯಾಗದೆ ಬಂಗಾಳಿ ಹುಡುಗನೊಬ್ಬನ ಜೊತೆ ಒಂದೇ ಮನೆಯಲ್ಲಿದ್ದಾಳೆಂದು ತಿಳಿಯುವವರೆಗೆ ಎಲ್ಲರಿಗೂ ಅದು ದೇವರು ಕೊಟ್ಟ ಕಂಠವಾಗಿತ್ತು.

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಹಿಂದಿನ ದಿನ ನಮ್ಮ ಸಭಾಹಿರಿಯರು ಮನೆಗೆ ಬಂದರು. ಹುಬ್ಬಳ್ಳಿಯವರು, ರೈಲ್ವೆಯಿಂದ ನಿವೃತ್ತರಾದವರು. ನನ್ನ ಹೆಂಡತಿ ಒಳಗೆ ಮರುದಿನದ ರಸಕ್ಕೆಂದು ಒಣದ್ರಾಕ್ಷಿ ಕುದಿಸುತ್ತಿದ್ದಳು.

"ಆ ಹುಡುಗಿಗೆ ರೊಟ್ಟಿ, ರಸ ಕೊಡೂದು ಬ್ಯಾಡ್ರಿ. ಮೊದಲ ಎಲ್ಲಾರ ಮುಂದ ನಿಂತು ತಪ್ಪೊಪ್ಪಿಕೊಳ್ಳಲಿ," ಎಂದರು ಹಿರಿಯರು.

ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಚೊಲೋ ಆತು ಬಿಡ್ರಿ ಅಣ್ಣಾರ. ಎಲ್ಲಾರೂ ಪಾಳಿ ಹಚ್ಚೂಣು. ಹಿರಿಯಾರು, ನೀವ ಸುರು ಮಾಡ್ರಿ."

"ನನ್ನ ಪಾಪ ನನಗೂ ದೇವರಿಗೂ ಸಂಬಂಧಪಟ್ಟದ್ದವಾ."

"ಮತ್ತ ಆಕೀದು? ಹೌಸಿಂಗ್ ಸೊಸೈಟಿಗೇನ್ರಿ?"

ಅವರು ಚಹಾ ಕುಡಿಯದೆ ಹೋದರು. ನಮ್ಮ ಮನೆಯ ಇತಿಹಾಸದಲ್ಲಿ ಹಾಗೆ ಹೋದವರು ಅವರೊಬ್ಬರೇ.

ನಾನು ಸರ್ಕಾರಿ ನೌಕರಿಯಲ್ಲೇ ಕೂದಲು ಹಣ್ಣು ಮಾಡಿಕೊಂಡವನು. ನಡತೆ ನೋಡಿ ಕೊಡುವುದಕ್ಕೆ ಬಡ್ತಿ ಎನ್ನುತ್ತಾರೆಂದು ಬಲ್ಲೆ. ಕರುಣೆಯದು ಬೇರೆ ಇಲಾಖೆ. ಅಲ್ಲಿ ಅರ್ಜಿ ಹಾಕಲು ಬೇಕಾದ ಅರ್ಹತೆ ಪಾಪವೊಂದೇ, ಅದರಲ್ಲಿ ನಾವೆಲ್ಲ ಒಂದೇ ದರ್ಜೆಯವರು. ಹುಡುಗಿ ಮಾಡುತ್ತಿದ್ದುದು ಸರಿಯೆಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಆದರೆ ಮೈ ತೊಳೆದುಕೊಂಡ ಮೇಲೆ ಸ್ನಾನಕ್ಕೆ ಬಾ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಭಾನುವಾರ ನಾವೆಲ್ಲ ಒಟ್ಟಾಗಿ ಪಾಪಿಗಳೆಂದು ಅರಿಕೆ ಮಾಡಿಕೊಂಡೆವು. ಹಿರಿಯರ ದನಿಯೇ ಎಲ್ಲಕ್ಕಿಂತ ಗಟ್ಟಿಯಾಗಿತ್ತು. ರೊಟ್ಟಿಯ ತಟ್ಟೆ ಹುಡುಗಿಯ ಹತ್ತಿರ ಬಂದಾಗ ಅವರು ಎದ್ದು ನಿಂತರು.

"ಆಕಿ ತಗೊಂಡ್ರ ನಾ ಇಲ್ಲಿ ಇರಂಗಿಲ್ಲ."

ಹೊರಗಿನಿಂದ ಬಂದಿದ್ದ ಪಾಸ್ಟರ್ ತಟ್ಟೆ ಹಿಡಿದುಕೊಂಡೇ ತಲೆಯ ಮೇಲಿನ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಹುಡುಗಿ ಬ್ಯಾಗು ಎತ್ತಿಕೊಂಡಳು. "ಬಿಡಿ ಅಂಕಲ್, ನಾನೇ ಹೋಗ್ತೀನಿ. ನನ್ನಿಂದ ಯಾಕೆ ಗಲಾಟೆ?"

"ಕುಂದರವಾ," ಎಂದೆ. "ನೀ ಹೊಂಟ್ರ ನಾನೂ ಹೊರಡಬೇಕಾಗ್ತದ. ಇದು ನನ್ನ ಮನಿ, ನಾ ಎಲ್ಲಿಗೆ ಹೋಗ್ಲಿ?" ಆಮೇಲೆ ಪಾಸ್ಟರ್ ಕಡೆ ತಿರುಗಿದೆ. "ಆಕಿಗೆ ಇಲ್ಲಂದ್ರ ನನಗೂ ಬ್ಯಾಡ್ರಿ."

"ನನಗೂ," ಎಂದು ಹೆಂಡತಿ ಹುಡುಗಿಯ ಪಕ್ಕದಲ್ಲೇ ಹೋಗಿ ಕೂತಳು.

ಪಾಸ್ಟರ್ ಫ್ಯಾನಿನಿಂದ ಕಣ್ಣು ಇಳಿಸಿ ತಟ್ಟೆಯನ್ನು ಅವಳ ಮುಂದೆ ಹಿಡಿದರು.

ಹುಡುಗಿ ರೊಟ್ಟಿ ತೆಗೆದುಕೊಂಡಳು. ಹಿರಿಯರು ಹೊರಟುಹೋದರು, ಅವರ ಹಿಂದೆ ಮೂರು ಕುಟುಂಬಗಳು ಹೋದವು. ಮುಂದಿನ ತಿಂಗಳಿನಿಂದ ಕೋಲ್ಕತ್ತದಲ್ಲಿ ನಮ್ಮವರ ಕನ್ನಡ ಪ್ರಾರ್ಥನಾ ಕೂಟಗಳು ಎರಡಾದವು.