ಮೈಲಪ್ಪ ಬಣ್ಣ ಹಚ್ಚಿದ ರೇಸ್ ಕಾರು

ಕೊಟ್ಟೂರಿನ ಟಿಂಕರ್ ಮೈಲಪ್ಪನ ಕೈಗೆ ಸಿಕ್ಕಿದ ತಗಡು ಹೇಳಿದ ಮಾತು ಕೇಳುತ್ತದೆ ಎನ್ನುತ್ತಾರೆ. ಸುಳ್ಳಲ್ಲ. ಬಸ್ಸು, ಟ್ರ್ಯಾಕ್ಟರು, ಲಗೇಜ್ ಆಟೊ, ಏನೇ ಗುದ್ದಿಸಿಕೊಂಡು ಬಂದರೂ ನೆಗ್ಗು ಬಡಿದು ನೆಟ್ಟಗೆ ಮಾಡಿ ಕಳಿಸುತ್ತಾ ನಲವತ್ತು ವರ್ಷವಾಯಿತು. ಅವನ ಅಪ್ಪ ದನದ ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟಿ, ಕೊಂಬು ಹೆರೆಯುತ್ತಿದ್ದವನು. ‘ಕೊಂಬು ಹೆರೆಯದಂಗ ಎತ್ತು ಸಂತಿಗೆ ಹೊಡಿಬಾರ್ದು, ಮಾರಾವನ ಮರ್ಯಾದಿ ಹೋಗ್ತೈತಿ’ ಎಂಬ ಅಪ್ಪನ ಮಾತನ್ನು ಮಗ ಗಾಡಿಗಳಿಗೂ ಹಚ್ಚಿದ. ಮಾರುವ ಟ್ರ್ಯಾಕ್ಟರಿಗೆ ಮೊದಲು ಬಣ್ಣ, ಆಮೇಲೆ ಗಿರಾಕಿ. ಈ ಸೀಮೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ, ಯಾರಿಗೂ ನಷ್ಟವಾಗಿರಲಿಲ್ಲ.

ಹರಪನಹಳ್ಳಿಯಲ್ಲಿ ಅರುಣ್ ಕುಮಾರ್ ಕಲ್ಯಾಣಮಂಟಪ ಕಟ್ಟಿಸಲೆಂದು ಅಪ್ಪನ ಕಾಲದ ಎಣ್ಣೆಮಿಲ್ಲಿನ ಶೆಡ್ಡು ಕೆಡವುವ ಮೊದಲು ಖಾಲಿ ಮಾಡಿಸುವಾಗ, ಶೇಂಗಾ ಹೊಟ್ಟಿನ ಚೀಲಗಳಡಿ ಒಂದು ಕಾರು ಸಿಕ್ಕಿತು. ಬಾಗಿಲಿಲ್ಲ, ಮೇಲೆ ಚಾವಣಿಯಿಲ್ಲ, ಒಬ್ಬನೇ ಕೂರಬೇಕು. ಅರುಣನ ಅಪ್ಪ ಶಿವಶಂಕರ ಹರೆಯದಲ್ಲಿ ಮದ್ರಾಸಿನ ಕಡೆ ರೇಸಿಗೆ ಓಡಿಸುತ್ತಿದ್ದ ಕಾರು ಅದು. ಅವನು ತೀರಿಕೊಂಡೇ ಮೂವತ್ತು ವರ್ಷ. ಅರುಣ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದೇ ತಡ, ಹಳೆಯ ಕಾರು ಕೂಡಿಡುವ ಮೈಸೂರಿನ ದೊಡ್ಡವರೊಬ್ಬರು ಹತ್ತು ದಿನದಲ್ಲಿ ಬರುತ್ತೇನೆಂದರು.

ಶಿವಶಂಕರನ ತಂಗಿ ತಿಪ್ಪೇರುದ್ರಮ್ಮ, ಅರುಣನ ಸೋದರತ್ತೆ, ಮೈಲಪ್ಪನನ್ನು ಕರೆಸಿ ಶೆಡ್ಡಿನ ಕೀಲಿಕೈ ಕೊಟ್ಟಳು. ಅದೇ ದಿನ ಅವಳು ಕಣ್ಣಿನ ಆಪರೇಷನ್ನಿಗೆಂದು ಅರುಣನ ಜೊತೆ ದಾವಣಗೆರೆಗೆ ಹೊರಟಿದ್ದಳು.

“ಧೂಳು ಹೊಡಿ, ಗಾಲಿ ತಿರುಗಂಗ ಮಾಡು, ಸಾಕು. ಮೈಗೆ ಕೈ ಹಚ್ಚಬ್ಯಾಡ,” ಎಂದಳು.

“ಆತ್ರಿ ಅಮ್ಮಾರೆ,” ಎಂದ ಮೈಲಪ್ಪ.

ಆತು ಎಂದವನು ಧೂಳು ಹೊಡೆದ. ಹೊಡೆದ ಮೇಲೆ ಕಾರಿನ ಸುತ್ತ ಬಂದು ನೋಡಿದ. ಹಕ್ಕಳೆ ಎದ್ದ ಹಸಿರು ಬಣ್ಣ, ಯಾರೋ ಕೈಯಲ್ಲೇ ಬರೆದ ಸೊಟ್ಟ ‘೧೭’, ಮೂತಿಯ ಮೇಲೆ ಅಂಗೈಯಗಲದ ನೆಗ್ಗು. ಮೈಸೂರಿನವರಿಗೆ ಇದನ್ನು ಹೀಗೇ ತೋರಿಸುವುದೇ? ಪಾಪ, ಹೆಣ್ಣುಮಗಳಿಗೆ ತಿಳಿಯುವುದಿಲ್ಲ ಎಂದುಕೊಂಡ. ಆರು ದಿನ ಊಟ ನಿದ್ದೆ ಬಿಟ್ಟು ನೆಗ್ಗು ಬಡಿದ, ಬಣ್ಣ ಕೆರೆದ, ಟ್ರ್ಯಾಕ್ಟರಿಗೆ ಹಚ್ಚುವ ಕೆಂಪು ಬಣ್ಣ ಮೂರು ಕೈ ಹೊಡೆದ. ಮೂತಿಯ ಮೇಲೆ ‘ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ’ ಎಂದೂ ಬರೆಸಿದ. ಆಮೇಲೆ ತಾಡಪಾಲು ಮುಚ್ಚಿದ. ಎಲ್ಲರ ಮುಂದೆ ತೆಗೆದು ಭೇಷ್ ಅನ್ನಿಸಿಕೊಳ್ಳುವ ಆಸೆ.

ಅರುಣ ಮತ್ತು ಅವನ ಅತ್ತೆ ದಾವಣಗೆರೆಯಿಂದ ಮರಳಿದ ದಿನವೇ ಮೈಸೂರಿನವರೂ ಬಂದರು. ತಾಡಪಾಲು ಸರಿಯಿತು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಹೆಬ್ಬೆರಳಿನಿಂದ ಮೂತಿಯನ್ನು ಮುಟ್ಟಿ, ಅಲ್ಲೇ ಒಂದು ಚೀಲದ ಮೇಲೆ ಕೂತುಬಿಟ್ಟರು.

“ಹಳೇ ಬಣ್ಣ ಎಲ್ಲಿ?”

“ಕೆರೆದು ಒಗದೀನ್ರಿ ಸಾ. ಎಲ್ಲಾ ಪುಡಿ ಆಗಿತ್ತು,” ಎಂದ ಮೈಲಪ್ಪ, ಇನ್ನೂ ಹೆಮ್ಮೆಯಲ್ಲೇ.

“ಹೊಸ ಬಣ್ಣ ಯಾರು ಬೇಕಾದರೂ ಹಚ್ಚಬಹುದು ಮೇಸ್ತ್ರಿ. ಶಿವಶಂಕರ ಅವರು ಓಡಿಸಿದಾಗ ಇದ್ದ ಬಣ್ಣ, ಅವರ ಕೈಬರಹ, ಅದನ್ನ ಎಲ್ಲಿಂದ ತರೋದು? ಬೆಲೆ ಇದ್ದದ್ದು ಅದಕ್ಕೇ. ಈಗ ಇದಕ್ಕೆ ಅದರ ಕಾಲು ಭಾಗವೂ ಇಲ್ಲ. ಇದನ್ನ ಮಾಡೋಕೆ ಹೇಳಿದ್ದು ಯಾರು?”

ಅರುಣನ ಮುಖ ಕೆಂಪಾಯಿತು. ಮೈಲಪ್ಪನಿಗೆ ನಲವತ್ತು ವರ್ಷದ ಹೆಸರು ಕಣ್ಣ ಮುಂದೆ ಬಂದು ನಿಂತಿತು. ಬಾಯಿ ತಾನಾಗಿ ಆಡಿತು.

“ಅಮ್ಮಾರು ಹೇಳಿದ್ರಿ.”

ತಿಪ್ಪೇರುದ್ರಮ್ಮ ಕಪ್ಪು ಕನ್ನಡಕ ತೆಗೆದು ಅವನನ್ನೇ ನೋಡಿದಳು. “ಹೌದಪ್ಪ, ನಾನೇ ಹೇಳಿದ್ದೆ,” ಎಂದಳು.

ಅರುಣ, ಮೈಸೂರಿನವರು ಹೊರಗೆ ಹೋದ ಮೇಲೆ ಅವಳು ನುಣ್ಣಗಿದ್ದ ಮೂತಿಯ ಮೇಲೆ ಕೈಯಾಡಿಸಿದಳು. “ಇಲ್ಲೊಂದು ನೆಗ್ಗು ಇತ್ತಲ್ಲ ಮೈಲಪ್ಪ, ಅದು ನಾನು ಮಾಡಿದ್ದು. ಹದಿಮೂರು ವರ್ಷ ಆಗ ನನಗ. ಅಣ್ಣ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ಸ್ಟೇರಿಂಗ್ ಕೊಟ್ಟ, ನಾನು ಗ್ವಾಡಿಗೆ ಗುದ್ದಿದೆ. ಬೈತಾನಂತ ಅಳಾಕತ್ತಿದೆ. ಅವನು ನಗಕೊಂತ, ನಮ್ಮ ತಂಗಿ ರೇಸ್ ಹೊಡೆದ ಗುರ್ತು, ಯಾರೂ ತಗೀಬ್ಯಾಡ್ರಿ ಅಂದ.”

“ಅಮ್ಮಾರೆ, ನನ್ನ ಯಾಕ ಉಳಿಸಿದ್ರಿ?”

“ನೀನು ಇನ್ನೂ ದುಡಿದು ತಿನ್ನಬೇಕು. ನಾನು ಬೈಸ್ಕಂಡ್ರ ಸವೀತೀನಾ?”

ಅವಳು ಎರಡೇಟು ಹೊಡೆದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಊರ ಬಾಯಿಗೆ ಮುಚ್ಚಳ ಉಂಟೇ? ಮುದುಕಿ ಬಂಗಾರದಂಥ ಕಾರಿಗೆ ಬಣ್ಣ ಬಳಿಸಿ ಹಾಳು ಮಾಡಿದಳೆಂಬ ಸುದ್ದಿ ಕೊಟ್ಟೂರಿಗೂ ಬಂತು. ಅರುಣ ಅತ್ತೆಯ ಜೊತೆ ಮಾತು ಬಿಟ್ಟಿದ್ದಾನಂತೆ ಎಂದೂ ಬಂತು. ಮೈಲಪ್ಪನ ಹೆಂಡತಿ ಹುಲುಗಮ್ಮ ರೊಟ್ಟಿ ಬಡಿಯುತ್ತಾ, “ಆಯಮ್ಮಗಾರ ಬುದ್ಧಿ ಬ್ಯಾಡನು?” ಎಂದು ನಕ್ಕಳು. ಮೈಲಪ್ಪ ಅರ್ಧ ರೊಟ್ಟಿಗೇ ಕೈ ತೊಳೆದ. ಹೆಂಡತಿಗೂ ನಿಜ ಹೇಳಲಾರದ ಗಂಡಸು ತಾನು ಎಂದು ನಾಚಿಕೆಯಾಯಿತು.

ತಿಂಗಳಾದ ಮೇಲೆ ಸಿಕ್ಕಷ್ಟಕ್ಕೆ ವ್ಯಾಪಾರ ಕುದುರಿ, ಕಾರು ಲಾರಿ ಹತ್ತುವ ದಿನ ಬಂತು. ಕೊಂಡ ಮೈಸೂರಿನವರೂ ಬಂದರು, ಅರುಣ ಅವರಿಗೆ ಶಾಲು ಹೊದಿಸಿದ. ಹಗ್ಗ ಬಿಗಿಯಲು ಮೈಲಪ್ಪನನ್ನೇ ಕರೆಸಿದರು. ಅರ್ಧ ಓಣಿ ನೆರೆದಿತ್ತು. ಯಾರೋ, “ಅಜ್ಜಿ, ಲಾರಿಗೂ ಬಣ್ಣ ಹಚ್ಚಿಸ್ತೀಯೇನು?” ಎಂದರು. ಎಲ್ಲರೂ ನಕ್ಕರು, ಅರುಣನೂ ನಕ್ಕ. ಮೈಲಪ್ಪ ಹಗ್ಗ ಕೆಳಗೆ ಹಾಕಿದ.

“ನಗಬ್ಯಾಡ್ರಿ! ಅಮ್ಮಾರು ಮುಟ್ಟಬ್ಯಾಡ ಅಂದಿದ್ರು. ನಾನೇ ಹಚ್ಚಿದೆ. ಅವತ್ತು ಸುಳ್ಳು ಹೇಳಿದೆ. ಕೊಟ್ಟೂರಪ್ಪಜ್ಜನ ಆಣಿ!”

ಅರುಣ ಬಂದು ಅವನ ಹೆಗಲ ಮೇಲೆ ಕೈ ಹಾಕಿದ. ಅರುಣನ ಕಣ್ಣು ಒದ್ದೆಯಾಗಿತ್ತು.

“ಬಿಡಣ್ಣ ಮೈಲಪ್ಪಣ್ಣ. ಅತ್ತಿನ ಯಾರೂ ಆಡ್ಕಬಾರ್ದು ಅಂತ ತಪ್ಪು ನಿನ್ನ ತಲಿ ಮ್ಯಾಲೆ ಹಾಕ್ಕಳಾಕ ಬಂದೀಯಲ್ಲ, ದೊಡ್ಡ ಮನ್ಷ ನೀನು.”

“ಅಲ್ಲಪ್ಪ, ಖರೇನ ಹೇಳಾಕತ್ತೀನಿ! ಅಮ್ಮಾರೆ, ನೀವಾರ ಹೇಳ್ರಿ!”

ತಿಪ್ಪೇರುದ್ರಮ್ಮ ಬಾಗಿಲಲ್ಲಿ ನಿಂತಿದ್ದಳು. “ಅವತ್ತೇ ಹೇಳಿದ್ನಲ್ಲಪ್ಪ. ದಿನಕ್ಕೊಂದು ಮಾತು ಆಡಾಕ ನನಗ ಬರಂಗಿಲ್ಲ,” ಎಂದು ಒಳಗೆ ಹೋದಳು.

ಮೈಸೂರಿನವರು, ಅರುಣ ತಮಗೆ ಹೊದಿಸಿದ್ದ ಶಾಲನ್ನು ತೆಗೆದು ಮೈಲಪ್ಪನಿಗೆ ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಬ್ಯಾಡ್ರಿ, ಬ್ಯಾಡ್ರಿ ಎಂದು ಅವನು ಕೈಮುಗಿದಷ್ಟೂ ಚಪ್ಪಾಳೆ ಜೋರಾಯಿತು.